ಗುಳೆ ಹೋಗುವ ಮನೆಗಳಲ್ಲಿ ಮಕ್ಕಳು ಜಾಸ್ತಿನಾ, ಕಡಿಮೆನಾ?

ಹುಣಸಗಿ_ಮೇಷ್ಟ್ರು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಮೇಷ್ಟ್ರು ನಾನು. ನಮ್ಮ ಕಡೆ ಸುಗ್ಗಿ ಮುಗಿಯಿತು ಅಂದರೆ ಊರು ಅರ್ಧ ಖಾಲಿ. ಬೆಂಗಳೂರು, ಪುಣೆ, ಮುಂಬೈ, ಗೋವಾ ಅಂತ ಗುಳೆ ಹೊರಡುತ್ತಾರೆ. ಕೆಲವು ಮನೆಗಳಿಗೆ ಬೀಗ. ಇನ್ನು ಕೆಲವು ಮನೆಗಳಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಮಾತ್ರ.

ಒಂದನೇ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸ್ಟಾಫ್ ರೂಮಿನಲ್ಲಿ ಇದೇ ಮಾತು. "ಗುಳೆ ಹೋದವರು ಸಿಟಿ ನೋಡಿ ಎರಡಕ್ಕೇ ಸಾಕು ಅಂತಾರೆ" ಎಂದು ಒಬ್ಬರು. "ಕೂಲಿಯವರಿಗೇ ಮಕ್ಕಳು ಜಾಸ್ತಿ, ಶಾಲೆಗೆ ಬರಲ್ಲ ಅಷ್ಟೇ" ಎಂದು ಇನ್ನೊಬ್ಬರು. ಮತ್ತೊಬ್ಬರು ಸುಮ್ನೆ ಕಿಟಕಿಯಾಚೆ ಖಾಸಗಿ ಶಾಲೆಯ ವ್ಯಾನ್ ಕಡೆ ಕೈ ತೋರಿಸುತ್ತಾರೆ.

ಯಾರ ಮಾತು ಸರಿ? ಊರು ಬಿಟ್ಟು ದುಡಿಯುವುದರಿಂದ ಮಕ್ಕಳ ಸಂಖ್ಯೆ, ತಾಯಿ ಮಕ್ಕಳ ಆರೋಗ್ಯ ಏನಾಗುತ್ತದೆ? ನಿಮ್ಮ ಊರಲ್ಲಿ ಕಂಡಿದ್ದನ್ನು ಬರೆಯಿರಿ. ಭಾಷಣ ಬೇಡ, ನಮಗೆ ಆಗಸ್ಟ್ ಹದಿನೈದಕ್ಕೆ ಸಾಕಷ್ಟು ಸಿಗುತ್ತದೆ.

ಅಂಕಿಅಂಶ_ಧಾರವಾಡ

ಮೇಷ್ಟ್ರೇ, ಮೊದಲು ಲೆಕ್ಕ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಇಡೀ ದೇಶದ್ದು 2.0. ಜನಸಂಖ್ಯೆ ಇದ್ದಷ್ಟೇ ಇರಬೇಕು ಅಂದರೂ 2.1 ಬೇಕು. ಅಂದರೆ ಒಂದನೇ ತರಗತಿ ಖಾಲಿಯಾಗಲು ಗುಳೆಯೇ ಆಗಬೇಕು ಅಂತಿಲ್ಲ. ವ್ಯಾನ್ ತೋರಿಸಿದವರದ್ದೂ ಪೂರ್ತಿ ತಪ್ಪಲ್ಲ.

ವಲಸೆ ಮತ್ತು ಮಕ್ಕಳ ವಿಷಯದಲ್ಲಿ ಓದಿದವರು ಮೂರು ಮಾತು ಹೇಳುತ್ತಾರೆ. ಹೊರಗೆ ಹೋಗುವವರು ಮೊದಲೇ ಸ್ವಲ್ಪ ಬೇರೆ ಥರದವರು, ಉಳಿದವರ ಜೊತೆ ಹೋಲಿಸುವುದೇ ಕಷ್ಟ. ಎರಡನೆಯದು ಅಗಲಿಕೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಇದ್ದರೆ ಮಕ್ಕಳ ನಡುವಿನ ಅಂತರ ತಾನಾಗಿಯೇ ಹೆಚ್ಚುತ್ತದೆ. ಇನ್ನೊಂದು, ಹೋದ ಕಡೆಯ ರೂಢಿ ನಿಧಾನಕ್ಕೆ ಹತ್ತುವುದು.

ಆದರೆ ಈ ಮೂರನ್ನೂ ಗುಳೆಯವರಿಗೆ ನೇರವಾಗಿ ಹಚ್ಚಲು ಬರುವುದಿಲ್ಲ. ಅವರು ಪೂರ್ತಿ ಹೋದವರೂ ಅಲ್ಲ, ಇದ್ದವರೂ ಅಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ 45 ಕೋಟಿ ವಲಸಿಗರು ಸಿಕ್ಕರು. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದ್ದು. ಆರು ತಿಂಗಳೊಳಗೆ ಹೋಗಿ ಬರುವವರು ಆ ಲೆಕ್ಕಕ್ಕೆ ಸರಿಯಾಗಿ ಸಿಗುವುದೇ ಇಲ್ಲ. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದರಿಂದ ಆರು ತಿಂಗಳು ಕೆಲಸಕ್ಕೆ ಹೋಗುವವರನ್ನು ಬೇರೆಯಾಗಿ ಕೇಳಿದ್ದರು. ನನ್ನ ಅನಿಸಿಕೆ ಹೇಳುತ್ತೇನೆ: ಊರಿಗೆ ಸಮೀಕ್ಷೆ ಬಂದಾಗ ಇವರ ಮನೆಗೆ ಬೀಗ. ಸಿಟಿಯಲ್ಲಿ ಸಮೀಕ್ಷೆ ಬಂದಾಗ ಇವರ ಶೆಡ್ಡಿಗೆ ಮನೆ ನಂಬರ್ ಇಲ್ಲ.

ಸಿಸ್ಟರ್_ಕೊಪ್ಪಳ

ನಾನು ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಧಾರವಾಡದ ಅಣ್ಣ ಅಗಲಿಕೆ ಅಂದರಲ್ಲ, ಅದು ನಮ್ಮ ಹೆರಿಗೆ ರಿಜಿಸ್ಟರ್‌ನಲ್ಲೇ ಕಾಣುತ್ತದೆ. ಮುಂಗಾರಿಗೆ ಜನ ವಾಪಸ್ ಬರುತ್ತಾರೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ. ಫೆಬ್ರುವರಿ, ಮಾರ್ಚ್ ಬಂತಾ? ಆ ಎರಡು ತಿಂಗಳು ನಮಗೆ ಊಟಕ್ಕೂ ಪುರುಸೊತ್ತಿಲ್ಲ.

ತೊಂದರೆ ಏನೆಂದರೆ, ಬಸುರಿಗೆ ಏಳು ತುಂಬುವ ಹೊತ್ತಿಗೇ ಗುಳೆ ಹೊರಡುವ ಹೊತ್ತೂ ಬಂದಿರುತ್ತದೆ. ಚೊಚ್ಚಲು ಇದ್ದರೆ ಕುಬಸ ಮಾಡಿ ತವರಿಗೆ ಕಳಿಸುತ್ತಾರೆ. ಎರಡನೆಯದು, ಮೂರನೆಯದು ಆದರೆ ಅವಳೂ ಗಂಟು ಕಟ್ಟಿಕೊಂಡು ಬಸ್ ಹತ್ತುತ್ತಾಳೆ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಲ್ಲಿ, ರಕ್ತ ಪರೀಕ್ಷೆ ಬೆಂಗಳೂರಲ್ಲಿ, ಹೆರಿಗೆ ಇನ್ನೊಂದು ಕಡೆ, ಮಗುವಿನ ಲಸಿಕೆ ಮತ್ತೊಂದು ಕಡೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಡೋಸ್‌ಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಕೇಳಿದರೆ "ತೊಡೆಗೆ ಒಂದು ಚುಚ್ಚಿದಾರ್ರೀ" ಅನ್ನುತ್ತಾಳೆ. ಕಾರ್ಡ್ ಶೆಡ್ಡಿನಲ್ಲೇ ಉಳಿದಿರುತ್ತದೆ.

ಕಬ್ಬಿಣದ ಕೆಂಪು ಗುಳಿಗೆ ಕೊಟ್ಟು ಕಳಿಸುತ್ತೇವೆ. ನಾಲ್ಕು ದಿನ ನುಂಗಿ ಬಿಡುತ್ತಾರೆ. "ಅಶಿಕ್ಷಿತರು, ಮರೀತಾರೆ" ಎಂದು ಮೀಟಿಂಗ್‌ನಲ್ಲಿ ಹೇಳುವವರಿದ್ದಾರೆ. ಮರೆವಲ್ಲ ಅದು. ಗುಳಿಗೆ ನುಂಗಿದರೆ ಮಲ ಗಟ್ಟಿಯಾಗುತ್ತದೆ. ಶೆಡ್ಡಿನ ಹತ್ತಿರ ಸಂಡಾಸ್ ಇಲ್ಲ, ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಅದಕ್ಕೇ ನೀರನ್ನೂ ಕಮ್ಮಿ ಕುಡಿಯುತ್ತಾರೆ, ಉರಿಮೂತ್ರ ಹತ್ತಿಸಿಕೊಳ್ಳುತ್ತಾರೆ. ಗುಳಿಗೆಗಿಂತ ಮೊದಲು ಬಾಗಿಲಿರುವ ಒಂದು ಸಂಡಾಸ್ ಕೊಡಿ ನೋಡೋಣ. ಅಣ್ಣ ಹೇಳಿದ 2019–21ರ ಸಮೀಕ್ಷೆಯಲ್ಲೇ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಶೇ 44.8 ಇತ್ತು. ಗುಳಿಗೆ ಹಂಚುವುದು ಜಾಸ್ತಿಯಾಗಿದೆ, ರಕ್ತ ಜಾಸ್ತಿಯಾಗಿಲ್ಲ.

ನಿಜ_ಹೇಳ್ತೀನಿ

ಬೇಜಾರಾಗಬೇಡಿ. ನಮ್ಮವರದ್ದು 1.7ಕ್ಕೆ ಇಳಿದಿದೆ, ಹೊರಗಿನಿಂದ ಬರುವವರಿಗೆ ಮಾತ್ರ ನಾಲ್ಕೈದು. ಇನ್ನು ಇಪ್ಪತ್ತು ವರ್ಷಕ್ಕೆ ಬೆಂಗಳೂರು ನಮ್ಮದಾಗಿ ಇರುತ್ತಾ? ಚಂದ್ರಬಾಬು ನಾಯ್ಡು 2024ರಲ್ಲಿ ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅಂತ ಹೇಳಿದ್ದು ಸುಮ್ಮನೆ ಅಲ್ಲ.

ಅಂಕಿಅಂಶ_ಧಾರವಾಡ

"ಹೊರಗಿನವರು" ಎಂದರೆ ಯಾರು? ಬಂಗಾಳದವರಾ? ಪಶ್ಚಿಮ ಬಂಗಾಳದ್ದು 1.6, ನಮಗಿಂತ ಕಡಿಮೆ. ಒಡಿಶಾ 1.8. ಅಸ್ಸಾಂ 1.9. ಬಿಹಾರ 3.0 ನಿಜ, ಆದರೆ 2005–06ರಲ್ಲಿ ಅದು 4.0 ಇತ್ತು. ಅಲ್ಲಿಂದ ಬರುವವರಲ್ಲಿ ದೊಡ್ಡ ಪಾಲು ಒಂಟಿ ಗಂಡಸರು. ಹೆಂಡತಿ ಊರಲ್ಲಿ, ಇವರು ಎಂಟು ಜನ ಒಂದು ರೂಮಿನಲ್ಲಿ. ನಾಲ್ಕೈದು ಎಂಬ ಲೆಕ್ಕ ಎಲ್ಲಿಂದ ತಂದಿರಿ ಗೊತ್ತಿಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ನಾಯ್ಡು ಅವರಿಗೆ ಹೇಳಿ, ಮಗುವನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಅವರ ಮನೆಗೆ ಬಿಡುತ್ತೇವೆ.

ಮಾಡರೇಟರ್

ರಾಜಕೀಯಕ್ಕೆ ಬೇರೆ ಎಳೆ ಇದೆ. ಇಲ್ಲಿ ವಿಷಯಕ್ಕೆ ಬನ್ನಿ.

ತಾಂಡಾದ_ಹುಡುಗ

ನಾನು ಲಂಬಾಣಿ. ಅಪ್ಪ ಅವ್ವ ಇಬ್ಬರೂ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋದವರು. ನಾನು ಈಗ ಕಾನೂನು ಓದುತ್ತಿದ್ದೇನೆ. ಇಲ್ಲಿ ಎಲ್ಲರೂ ಕಟ್ಟಡ ಕೆಲಸದ್ದೇ ಮಾತಾಡುತ್ತಿದ್ದೀರಿ, ಕಬ್ಬಿನದ್ದು ಬೇರೆಯೇ ಕಥೆ.

ಅಲ್ಲಿ ಕೂಲಿ ಲೆಕ್ಕ ಒಬ್ಬರದ್ದಲ್ಲ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ, ಮುಂಗಡ ಕೊಡುವುದೂ ಜೋಡಿಗೇ. ಒಬ್ಬ ರಜೆ ಹಾಕಿದರೆ ಜೋಡಿಯ ದಿನಗೂಲಿ ಹೋಗುವುದು ಮಾತ್ರವಲ್ಲ, ಮೇಲೆ ದಂಡ. ಈ ಪದ್ಧತಿಯಿಂದ ಏನಾಗುತ್ತದೆ ನೋಡಿ. ಹುಡುಗ ಒಬ್ಬನೇ ಇದ್ದರೆ ಅರ್ಧ ಕೊಯ್ತಾ, ಮುಂಗಡ ಕಡಿಮೆ. ಮದುವೆ ಮಾಡಿದರೆ ಪೂರ್ತಿ. ಇತ್ತ ಹುಡುಗಿಯ ಮನೆಯಲ್ಲಿ ಅಪ್ಪ ಅವ್ವ ಆರು ತಿಂಗಳು ಇರುವುದಿಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಯಾರ ಹತ್ತಿರ ಬಿಡೋದು? ಅಜ್ಜಿಗೆ ಜವಾಬ್ದಾರಿ ಅಂದರೆ ಭಯ. ಅದಕ್ಕೇ ಹೋಗುವ ಮುಂಚೆ ಮದುವೆ ಮುಗಿಸಿಬಿಡುತ್ತಾರೆ. ಎರಡೂ ಮನೆಯ ಕಷ್ಟಕ್ಕೆ ಒಂದೇ ಮಂಟಪ. ರಾಜ್ಯದಲ್ಲಿ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ. ಎರಡು ಸಮೀಕ್ಷೆಗಳ ನಡುವೆ ಆ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಹದಿನೇಳಕ್ಕೆ ಮದುವೆ, ಇಪ್ಪತ್ತೆರಡರೊಳಗೆ ಎರಡೋ ಮೂರೋ ಮಕ್ಕಳು, ಆಮೇಲೆ ಆಪರೇಷನ್. ಸಮೀಕ್ಷೆಯವರು ಬಂದರೆ "ಎರಡು ಮಕ್ಕಳು" ಎಂದು ಬರೆದುಕೊಳ್ಳುತ್ತಾರೆ, ಬೆಂಗಳೂರಿನ ಇಂಜಿನಿಯರ್‌ಗೂ ಎರಡು ಎಂದೇ ಬರೆಯುತ್ತಾರೆ. ಎರಡೂ ಒಂದೇನಾ?

ಇನ್ನೊಂದಿದೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ತೆಗೆಸಿದ ಸುದ್ದಿ 2019ರಲ್ಲಿ ಬಂದಿದ್ದು ನೆನಪಿರಬಹುದು. ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ಸಮಿತಿ ಮಾಡಿತು. 82 ಸಾವಿರದಷ್ಟು ಹೆಂಗಸರನ್ನು ಕೇಳಿದಾಗ 13 ಸಾವಿರಕ್ಕೂ ಹೆಚ್ಚು ಜನಕ್ಕೆ ಗರ್ಭಕೋಶವೇ ಇರಲಿಲ್ಲ. ಮುಟ್ಟಾದರೆ ರಜೆ, ರಜೆ ಅಂದರೆ ದಂಡ. ಬಯಲಲ್ಲಿ ಗುಡಿಸಲು, ನೀರಿಲ್ಲ. ಆ ಆಪರೇಷನ್ ದುಡ್ಡನ್ನೂ ಎಷ್ಟೋ ಜನ ಮುಕಾದಮನ ಹತ್ತಿರವೇ ಸಾಲ ಮಾಡಿದ್ದರು.

ಸಿಸ್ಟರ್_ಕೊಪ್ಪಳ

ತಮ್ಮಾ, ಬೀಡ್ ತನಕ ಹೋಗಬೇಕಾಗಿಲ್ಲ. ಕಲಬುರಗಿಯಲ್ಲೇ ಆಗಿದೆ. ಅಲ್ಲೂ ತಾಂಡಾದವರು, ದಲಿತ ಕೇರಿಯವರೇ ಜಾಸ್ತಿ. ಹೆಣ್ಣುಮಕ್ಕಳು ಬೀದಿಗೆ ಇಳಿದು ಕೇಳಿದ ಮೇಲೆಯೇ ವಿಷಯ ಹೊರಗೆ ಬಂತು.

ಇದು ಹೇಗೆ ನಡೆಯುತ್ತದೆ ಎಂದರೆ, ಸಂತಾನಹರಣ ಆಪರೇಷನ್ ಇಪ್ಪತ್ತೈದರೊಳಗೇ ಆಗಿರುತ್ತದೆ. ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 57 ಮಂದಿಗೆ ಆಗಿದೆ. ಗಂಡಸರದ್ದು ಹುಡುಕಿದರೂ ಸಿಗುವುದಿಲ್ಲ. ಆಮೇಲೆ ಬಿಳಿ ಸೆರಗು, ಸೊಂಟ ನೋವು ಅಂತ ಬರುತ್ತಾಳೆ. ಒಂದು ವಾರದ ಮಾತ್ರೆಯಲ್ಲಿ ಹೋಗುವ ಸೋಂಕು. ಆದರೆ ಅವಳಿಗೆ ಮುಂದಿನ ವಾರ ಗುಳೆ ಹೋಗಬೇಕು, ಮತ್ತೆ ತೋರಿಸಲು ಬರಲಾಗುವುದಿಲ್ಲ. "ಹೇಗೂ ಮಕ್ಕಳು ಸಾಕಲ್ವಾ, ಇಟ್ಟುಕೊಂಡು ಏನು ಮಾಡ್ತೀಯ, ಮುಂದೆ ಕ್ಯಾನ್ಸರ್ ಆದೀತು" ಎಂದು ಯಾರೋ ಹೆದರಿಸುತ್ತಾರೆ. ಮೂವತ್ತರ ಹೆಂಗಸು ಗರ್ಭಕೋಶ ತೆಗೆಸಿಕೊಂಡು, ಮೂವತ್ತೈದಕ್ಕೆ ಮೈಕೈ ನೋವು, ಬೆವರು, ಮೂಳೆ ಸವೆತ ಅಂತ ಬರುತ್ತಾಳೆ. ಇಂಥ ಬೇಡದ ಆಪರೇಷನ್ ತಡೆಯಲು ಕೇಂದ್ರದ ಮಾರ್ಗಸೂಚಿ ಇದೆ. ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕುಂದಾಪ್ರ_ಹೋಟ್ಲು

ನಮ್ಮ ಕಡೆಯದ್ದು ಸ್ವಲ್ಪ ಬೇರೆ ಮಾರಾಯ್ರೆ, ಅದನ್ನೂ ಕೇಳಿ. ಉಡುಪಿ ಜಿಲ್ಲೆಯಲ್ಲಿ 2011ರ ಜನಗಣತಿಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ಯಾಕೆ? ಗಂಡಸರು ಮುಂಬೈಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ದುಬೈಯಲ್ಲಿ, ಬೆಂಗಳೂರಿನ ಬೇಕರಿಯಲ್ಲಿ. ನಮ್ಮಪ್ಪ ಮುಂಬೈಯಿಂದ ಬರುತ್ತಿದ್ದದ್ದು ಮೇ ತಿಂಗಳ ರಜೆಗೆ ಮಾತ್ರ. ನಾವು ಅಕ್ಕ ತಮ್ಮ ಇಬ್ಬರೇ, ನಡುವೆ ದೊಡ್ಡ ಅಂತರ.

ಹಾಗಂತ ನಮ್ಮ ಅಮ್ಮನ ಆರೋಗ್ಯ ಹಾಳಾಗಲಿಲ್ಲ. ಮನಿಯಾರ್ಡರ್ ಬರುತ್ತಿದ್ದದ್ದು ಅವಳ ಹೆಸರಿಗೆ. ಪೋಸ್ಟ್ ಆಫೀಸಿಗೆ ಹೋಗಿ ಸಹಿ ಹಾಕಿ ತರುತ್ತಿದ್ದಳು. ಮನೆ ಪಕ್ಕದಲ್ಲೇ ಅಜ್ಜಿ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನವರಿಗಂತೂ ತಾಯಿ ಮನೆಯೇ ಸ್ವಂತ ಮನೆ. ಬಾಣಂತನ ಅಂದರೆ ಪೂರ್ತಿ ಬಾಣಂತನ, ಕಾಳುಮೆಣಸಿನ ಸಾರು, ಬಿಸಿನೀರಿನ ಹಂಡೆ ಎಲ್ಲ ಇತ್ತು. ಗಂಡ ಊರಲ್ಲಿ ಇರಲಿಲ್ಲ, ಉಳಿದಿದ್ದೆಲ್ಲ ಇತ್ತು. ಕೊಪ್ಪಳದ ಅಕ್ಕ ಹೇಳುವ ಹೆಂಗಸಿಗೆ ಗಂಡ ಪಕ್ಕದಲ್ಲೇ ಇದ್ದಾನೆ, ಉಳಿದಿದ್ದು ಯಾವುದೂ ಇಲ್ಲ.

ಅಂಕಿಅಂಶ_ಧಾರವಾಡ

ಕುಂದಾಪ್ರದವರೇ, ಒಂಟಿ ಗಂಡಸರ ವಲಸೆಗೆ ಇನ್ನೊಂದು ಮುಖವೂ ಇತ್ತು. 2000ದ ದಶಕದಲ್ಲಿ ಬಾಗಲಕೋಟೆ, ಬೆಳಗಾವಿ ಕಡೆ ಬಸುರಿಯರ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಶೇ 1 ದಾಟಿತ್ತು. ಮುಂಬೈ, ಗೋವಾಕ್ಕೆ ದುಡಿಯಲು ಹೋಗುವುದೂ ಅದಕ್ಕೆ ಒಂದು ಕಾರಣ. ಪರೀಕ್ಷೆ, ಮಾತ್ರೆ ಎಲ್ಲ ಬಂದ ಮೇಲೆ ತುಂಬಾ ಇಳಿಯಿತು. ಮನಿಯಾರ್ಡರ್ ಒಂದೇ ಬರುತ್ತಿರಲಿಲ್ಲ ಅನ್ನುವುದಕ್ಕೆ ಹೇಳಿದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಮೇಲೆ ತಮಾಷೆ ಮಾಡಿದೆ, ಈಗ ಸೀರಿಯಸ್ಸಾಗಿ. ನಾವಿಬ್ಬರೂ ಹಾಸನದವರು, ಇಬ್ಬರೂ ಕೆಲಸದಲ್ಲಿ. ಮಗಳು ಹುಟ್ಟಿದಾಗ ಅಮ್ಮ ಬಂದಿದ್ದರು. ಊರಲ್ಲಿ ಅಪ್ಪ, ಎರಡು ಹಸು, ಒಂದಿಷ್ಟು ತೋಟ. ಅಮ್ಮ ಎಷ್ಟು ದಿನ ಅಂತ ಇಲ್ಲಿ ಇರುತ್ತಾರೆ? ಅವರು ಹೋದ ಮೇಲೆ ಡೇ ಕೇರ್. ಅಲ್ಲಿ ಜ್ವರ ಬಂದ ಮಗುವನ್ನು ಸೇರಿಸಲ್ಲ. ವರ್ಷದ ರಜೆ ಎಲ್ಲ ಅದಕ್ಕೇ ಹೋಯಿತು. ಎರಡನೆಯದರ ಮಾತು ಬಂದಾಗ ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ನಿಮ್ಮಮ್ಮ ಬರ್ತಾರಾ, ನಮ್ಮಮ್ಮ ಬರ್ತಾರಾ?" ಇಬ್ಬರಿಗೂ ಆಗಲ್ಲ. ಅಲ್ಲಿಗೆ ಮುಗಿಯಿತು. ಇದೂ ವಲಸೆಯೇ ಅಲ್ವಾ?

ಡಲ್ಲಾಸ್_ಅಮ್ಮ

ವಲಸೆಯೇ. ಇಲ್ಲಿ ಇನ್ನೂ ಮಜಾ. ಅಮೆರಿಕದ ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಅದಕ್ಕೇ ನಮ್ಮ ಕನ್ನಡ ಬಳಗದಲ್ಲಿ ಎಲ್ಲರ ಪ್ಲ್ಯಾನೂ ಒಂದೇ. ಹೆರಿಗೆಗೆ ಅಮ್ಮ ಬರುತ್ತಾರೆ, ಅಮ್ಮ ವಾಪಸ್ ಹೋಗುವ ವಾರ ಅತ್ತೆ ಬಂದು ಇಳಿಯುತ್ತಾರೆ. ಅಮ್ಮನ ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಬಜೆ, ಹಳೇ ಕಾಟನ್ ಸೀರೆ. ನನ್ನ ಗೆಳತಿಯ ಅಮ್ಮನಿಗೆ ವೀಸಾ ಸಂದರ್ಶನದ ದಿನಾಂಕ ಸಿಗಲಿಲ್ಲ ಅಂತ ಅವಳು ಎರಡನೇ ಮಗುವಿನ ಯೋಚನೆಯನ್ನೇ ಮುಂದಕ್ಕೆ ಹಾಕಿದಳು. ವಯಸ್ಸು ಯಾರಿಗೂ ಕಾಯಲ್ಲ, ಈಗ ಐವಿಎಫ್‌ಗೆ ಓಡಾಡುತ್ತಿದ್ದಾಳೆ. ಇಲ್ಲಿ ಸಂಡಾಸಿನ ಕಷ್ಟ ಇಲ್ಲ, ಕೂಲಿಯವರ ಜೊತೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ. ಆದರೆ ಮಗು ಬೇಕಾ ಬೇಡವಾ ಅನ್ನುವುದು ಇಲ್ಲೂ ಅಜ್ಜಿಯ ಕೈಯಲ್ಲಿದೆ.

ಹುಣಸಗಿ_ಮೇಷ್ಟ್ರು

ಇಷ್ಟು ಓದಿದ ಮೇಲೆ ನನಗೆ ಅನ್ನಿಸುವುದು ಇದು. ಎಷ್ಟು ದೂರ ಹೋದರು ಎಂಬುದಕ್ಕಿಂತ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದೇ ದೊಡ್ಡದು. ನಮ್ಮೂರಲ್ಲೇ ಅಜ್ಜಿ ಗಟ್ಟಿಮುಟ್ಟಾಗಿರುವ ಮನೆಯ ಮಕ್ಕಳು ಶಾಲೆಗೆ ಬರುತ್ತವೆ, ಬಿಸಿಯೂಟ ತಿನ್ನುತ್ತವೆ. ಅಜ್ಜಿ ಇಲ್ಲದ ಮನೆಯ ಮಕ್ಕಳು ಗಂಟಿನ ಜೊತೆ ಬಸ್ ಹತ್ತುತ್ತವೆ. ಅಲ್ಲಿ ದೊಡ್ಡವಳು ಚಿಕ್ಕದನ್ನು ನೋಡಿಕೊಳ್ಳುತ್ತಾಳೆ. ದೊಡ್ಡವಳು ಅಂದರೆ ಎಂಟು ವರ್ಷದವಳು.

ತಾಂಡಾದ_ಹುಡುಗ

ಸರ್, ಅಜ್ಜಿಯನ್ನು ಅಷ್ಟು ಮೇಲೆ ಕೂರಿಸಬೇಡಿ. ನಮ್ಮ ಅಜ್ಜಿ ನನ್ನನ್ನು ಸಾಕಿದಳು ನಿಜ. ನನ್ನ ಅಕ್ಕನ ಮದುವೆ ಬೇಗ ಮಾಡಿಸಿದವಳೂ ಅವಳೇ. ಅವಳಿಗೂ ಅರವತ್ತಾಗಿತ್ತು, ಬಿಪಿ, ಮಂಡಿ ನೋವು. ಪಿಂಚಣಿ ದುಡ್ಡಿನಲ್ಲಿ ಮೂರು ಮೊಮ್ಮಕ್ಕಳಿಗೆ ರೊಟ್ಟಿ ಬಡಿಯುತ್ತಿದ್ದಳು. ಸರ್ಕಾರ ಮಾಡಬೇಕಾದ ಕೆಲಸವನ್ನೆಲ್ಲ ಅಜ್ಜಿಯ ತಲೆಗೆ ಕಟ್ಟಿ, ಆಮೇಲೆ ಅಜ್ಜಿಯೇ ದೇವರು ಅನ್ನುವುದು ಸುಲಭ.

ಕಾನೂನು ಮೊದಲೇ ಇತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಕೂಸುಗಳಿಗೆ ಕೋಣೆ ಮಾಡಬೇಕು ಎಂದು ಬರೆದರು. ಗುತ್ತಿಗೆದಾರ ಏನು ಮಾಡಿದ? ಹೆಂಗಸರನ್ನು ಹಾಜರಿ ಪುಸ್ತಕದಲ್ಲೇ ಬರೆಯಲಿಲ್ಲ. ಗಂಡನ ಹೆಸರಿನ ಮುಂದೆಯೇ ಜೋಡಿ ಕೂಲಿ. ಐವತ್ತು ಎಲ್ಲಿಂದ ಆಗಬೇಕು? ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ, ಒಳ್ಳೆಯದೇ. ಆದರೆ ಅದು ಇರುವುದು ಊರಲ್ಲಿ. ಆ ಹೊತ್ತಿಗೆ ಕೂಸು ಬೆಂಗಳೂರಿನಲ್ಲಿ ಜೋಲಿಯಲ್ಲಿ ಇರುತ್ತದೆ.

ಸಿಸ್ಟರ್_ಕೊಪ್ಪಳ

ಅವ್ವಂದಿರ ಪರವಾಗಿ ಒಂದು ಮಾತು. ಜೋಲಿ ಕಟ್ಟುವುದರಲ್ಲೂ ಅವರಿಗೆ ಲೆಕ್ಕ ಇರುತ್ತದೆ. ಸಿಮೆಂಟ್ ಕಲಸುವ ಕಡೆಯಿಂದ ದೂರ, ತನ್ನ ಕಣ್ಣಿಗೆ ಬೀಳುವಷ್ಟು ಹತ್ತಿರ, ನೆರಳು ಸರಿದಂತೆ ಸರಿಸುತ್ತಾರೆ. ಆದರೆ ಮಗು ಅತ್ತಾಗ ಹಾಲು ಕೊಡಲು ಇಳಿದು ಬಂದರೆ ಮೇಸ್ತ್ರಿ ಕೂಗುತ್ತಾನೆ. ಅದಕ್ಕೇ ಮೂರು ತಿಂಗಳಿಗೇ ಬಿಸ್ಕತ್ತು ನೆನೆಸಿ ಬಾಯಿಗೆ ಹಾಕುತ್ತಾರೆ. ಆಮೇಲೆ ಭೇದಿ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಮೇಷ್ಟ್ರೇ, ನಿಮ್ಮ ಮುಂದಿನ ಬೆಂಚಿನಲ್ಲಿ ಕೂರುವ ಗಿಡ್ಡ ಮಕ್ಕಳಲ್ಲಿ ಎಷ್ಟೋ ಜನ ಇಂಥವರೇ.

ಲಿಂಗಸುಗೂರು_ಮಂಜ

ತುಂಬಾ ದೊಡ್ಡ ಚರ್ಚೆ ನಡೆದಿದೆ, ನಡುವೆ ಸಣ್ಣ ಪ್ರಶ್ನೆ. ನಮ್ಮ ಅತ್ತಿಗೆ ಈಗ ಬೆಂಗಳೂರಿನಲ್ಲಿ ಶೆಡ್ಡಿನಲ್ಲಿ ಇದ್ದಾರೆ, ಆರು ತಿಂಗಳ ಬಸುರಿ. ತಾಯಿ ಕಾರ್ಡ್ ಊರಲ್ಲೇ ಬಿಟ್ಟು ಹೋಗಿದ್ದಾರೆ. ಹತ್ತಿರದ ಅಂಗನವಾಡಿಗೆ ಹೋದರೆ "ನಿಮ್ಮ ಹೆಸರು ಇಲ್ಲಿ ಇಲ್ಲ" ಅಂದರಂತೆ. ಏನು ಮಾಡಬೇಕು ಅಕ್ಕಾ?

ಸಿಸ್ಟರ್_ಕೊಪ್ಪಳ

ಮಂಜಾ, ಮೊದಲು ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ಅಣ್ಣನ ವಾಟ್ಸಾಪ್‌ಗೆ ಹಾಕು. ಅದರ ಮೇಲೆ ಆರ್‌ಸಿಎಚ್ ನಂಬರ್ (ಬಸುರಿಯ ನೋಂದಣಿ ಸಂಖ್ಯೆ) ಇರುತ್ತದೆ, ಅದು ಎಲ್ಲ ಕಡೆಯೂ ನಡೆಯುತ್ತದೆ. ಆ ನಂಬರ್ ತಗೊಂಡು ಹತ್ತಿರದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗೆ ಅಥವಾ ನಗರ ಆರೋಗ್ಯ ಕೇಂದ್ರಕ್ಕೆ ಹೋಗಲಿ. ರಕ್ತ, ಬಿಪಿ, ಸಕ್ಕರೆ ನೋಡಿಸಲಿ. ಆ ಏರಿಯಾದ ಆಶಾ ಯಾರು ಎಂದು ಅಲ್ಲೇ ಕೇಳಿ ಫೋನ್ ನಂಬರ್ ಬರೆದುಕೊಳ್ಳಲಿ.

ಅಂಗನವಾಡಿಯವರು ಹಾಗೆ ವಾಪಸ್ ಕಳಿಸುವ ಹಾಗಿಲ್ಲ. ವಲಸೆ ಬಂದವರನ್ನೂ ಸೇರಿಸಿಕೊಳ್ಳಬೇಕು. ಊರಿನ ಅಂಗನವಾಡಿ ಟೀಚರ್‌ಗೆ ಹೇಳಿ ಪೋಷಣ್ ಟ್ರ್ಯಾಕರ್ ಎಂಬ ಅಂಗನವಾಡಿ ಆ್ಯಪ್‌ನಲ್ಲಿ ಹೆಸರು ಅಲ್ಲಿಗೆ ವರ್ಗ ಮಾಡಿಸಲಿ. ಆಗಲ್ಲ ಅಂದರೆ ಮೇಲ್ವಿಚಾರಕಿ ನಂಬರ್ ಕೇಳಲಿ, ಆಮೇಲೆ ಆಗುತ್ತದೆ. ರೇಷನ್ ಕಾರ್ಡ್ ಊರಿನದ್ದೇ ಇದ್ದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಕೊಟ್ಟು ಅಕ್ಕಿ ತಗೋಬಹುದು. ಅಣ್ಣ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಮಂಡಳಿಯ ಕಾರ್ಡ್ ಮಾಡಿಸಬಹುದು. ಅತ್ತಿಗೆಯೂ ಕೆಲಸ ಮಾಡಿದ್ದರೆ ಅವರದ್ದೂ ಬೇರೆಯೇ ಮಾಡಿಸು, ಗಂಡನ ಕಾರ್ಡ್ ಸಾಕು ಅನ್ನಬೇಡ. ಹೆರಿಗೆ ಸಹಾಯಧನ ಹೆಂಗಸಿನ ಕಾರ್ಡಿನ ಮೇಲೆ ಬರುವುದು.

ಮುಖ, ಕಾಲು ಊದಿಕೊಂಡು ತಲೆ ಸಿಡಿಯುತ್ತಿದೆ ಅಂದರೆ, ಅಥವಾ ಮಗು ಆಡುವುದು ಕಡಿಮೆಯಾಗಿದೆ ಅಂದರೆ, ಕೂಲಿ ನೋಡಬೇಡಿ. 108ಕ್ಕೆ ಫೋನ್ ಮಾಡಿ.

ಲಿಂಗಸುಗೂರು_ಮಂಜ

ಫೋಟೊ ಕಳಿಸಿದೆ ಅಕ್ಕಾ. ನಾಳೆ ರಜೆ ಹಾಕಿ ಕರೆದುಕೊಂಡು ಹೋಗುತ್ತಾರಂತೆ.

ಅಂಕಿಅಂಶ_ಧಾರವಾಡ

ಸಿಸ್ಟರ್, ಒಂದು ಕೋರಿಕೆ. ನಿಮ್ಮ ಹೆರಿಗೆ ರಿಜಿಸ್ಟರ್‌ನಲ್ಲಿ ಎರಡು ಕಾಲಂ ಜಾಸ್ತಿ ಹಾಕಲು ಆಗುತ್ತಾ? ಬಸುರಿಯಾಗಿದ್ದಾಗ ಊರು ಬಿಟ್ಟು ಹೋಗಿದ್ದಳಾ, ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ, ಇಷ್ಟೇ. ಎರಡು ವರ್ಷ ಬರೆದಿಟ್ಟರೆ ಮೇಷ್ಟ್ರ ಪ್ರಶ್ನೆಗೆ ನಿಮ್ಮ ತಾಲ್ಲೂಕಿನ ಮಟ್ಟಿಗಾದರೂ ಉತ್ತರ ಸಿಗುತ್ತದೆ.

ಸಿಸ್ಟರ್_ಕೊಪ್ಪಳ

ಅಣ್ಣಾ, ಈಗ ಇರುವ ಕಾಲಂ ತುಂಬುವುದಕ್ಕೇ ರಾತ್ರಿ ಮನೆಗೆ ರಿಜಿಸ್ಟರ್ ಹೊತ್ತುಕೊಂಡು ಹೋಗುತ್ತೇನೆ. ಇದರ ಮೇಲೆ ಎರಡು ಆ್ಯಪ್ ಬೇರೆ. ಫೆಬ್ರುವರಿಯಲ್ಲಿ ನೀವೇ ಬಂದು ಕೂತು ಬರೆದುಕೊಳ್ಳಿ. ಹೆಸರು ಬರೆಯುವ ಹಾಗಿಲ್ಲ, ಡಾಕ್ಟರ ಒಪ್ಪಿಗೆ ಪತ್ರ ತನ್ನಿ. ಚಹಾ ನಾನು ಕೊಡಿಸುತ್ತೇನೆ.